ನೆಡ್ರಾಳ ಕೈಗೆ ಒಗ್ಗದ ಹಿಡಿ

ಆರ್ವಿಡ್ ಲೂಂಡ್ ತನ್ನ ಕೆಲಸವನ್ನೇ ಅನುಮಾನಿಸಿದ್ದನ್ನು ನಾನು ಮೊದಲ ಸಲ ಕಂಡದ್ದು 1986ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಅವನ ಅನುಮಾನವೆಲ್ಲ ಬೇರೆಯವರ ಮೇಲಿತ್ತು: ರೇಡಿಯೋದ ಹವಾಮಾನ ವರದಿ, ಹೊಸ ಪಾದ್ರಿಯ ಉಪದೇಶ, ಪ್ಯಾಕೆಟ್ಟಿನಲ್ಲಿ ಕತ್ತರಿಸಿಕೊಂಡೇ ಬರುವ ಬ್ರೆಡ್ಡು. ತನ್ನ ಅರ, ತನ್ನ ಪೆನ್ಸಿಲ್, ತನ್ನ ಕಣ್ಣು ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದ.

ವಯೋಮಿಂಗಿನ ಕೋಲ್ಡ್ ಬೆಂಡ್‌ನಲ್ಲಿ ಅವನದೂ ನನ್ನದೂ ಒಂದೇ ಶೆಡ್ಡು. ನಡುವೆ ಹಲಗೆಯ ಗೋಡೆ, ಅದರಲ್ಲಿ ಕದವಿಲ್ಲದ ಒಂದು ಬಾಗಿಲು. ಈಚೆ ನಾನು ಜೀನು, ಬೂಟು, ಕೈಗವಸು, ರಿವಾಲ್ವರಿನ ಒರೆ ಹೊಲಿಯುತ್ತಿದ್ದೆ. ಆಚೆ ಅವನು ಅಜ್ಜಂದಿರ ಕಾಲದ ರಿವಾಲ್ವರುಗಳನ್ನು ಮೊಮ್ಮಕ್ಕಳ ಕೈಗೆ ಹೊಂದಿಸಿ ಕೊಡುತ್ತಿದ್ದ. ಯುದ್ಧದ ಸಮಯದಲ್ಲಿ ಸೈನ್ಯದ ಬಂದೂಕು ರಿಪೇರಿ ಶಾಲೆಯಲ್ಲಿ ಕೆಲಸ ಕಲಿತಿದ್ದ. ಆಮೇಲೆ ಇಪ್ಪತ್ತೆಂಟು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ನಿವೃತ್ತನಾದ ಮರುವಾರವೇ ನನ್ನ ಪಕ್ಕಕ್ಕೆ ಬಂದು ಕೂತವನು. ನಾರ್ವೆಯಿಂದ ಬಂದ ಒಕ್ಕಲಿನ ಮಗ. ಉದ್ದ ಮುಖ, ಕಡಿಮೆ ಮಾತು.

ಅವನಿಗೆ ಒಂದು ಕಟ್ಟುನಿಟ್ಟು ಇತ್ತು. ರಿವಾಲ್ವರಿನ ಜೊತೆ ಬಂದ ಮೂಲ ಮರದ ಹಿಡಿಗೆ ಅವನು ಉಳಿ ತಾಗಿಸುತ್ತಿರಲಿಲ್ಲ. ಅದನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಮಾಲೀಕರಿಗೇ ವಾಪಸು ಕೊಟ್ಟು, ಹೊಸ ಅಕ್ರೋಟ್ ಮರದಲ್ಲಿ ಬೇರೆ ಹಿಡಿ ಕೆತ್ತುತ್ತಿದ್ದ. ಅದಕ್ಕೂ ಮೊದಲು ಗಿರಾಕಿಯ ಕೈಯನ್ನು ಮಾಂಸದಂಗಡಿಯ ಕಂದು ಕಾಗದದ ಮೇಲೆ ಚಪ್ಪಟೆಯಾಗಿ ಇಡಿಸಿ, ಸುತ್ತಲೂ ಪೆನ್ಸಿಲ್ ಎಳೆದು, ಹೆಸರು ತಾರೀಖು ಬರೆಯುತ್ತಿದ್ದ. ಕರುವಿಗೆ ಹಗ್ಗ ಎಸೆಯುವಾಗ ಜೀನಿನ ಮುಂದಿನ ಕೊಂಬಿಗೆ ಸುತ್ತಿದ ಹಗ್ಗದಲ್ಲಿ ಸಿಕ್ಕಿ ಹೆಬ್ಬೆರಳು ಕಳೆದುಕೊಂಡ ಒಬ್ಬ ಬಂದಿದ್ದ. ಅವನಿಗಾಗಿ ಆರ್ವಿಡ್ ಗುಂಡು ಹಾರಿಸುವ ಮೊದಲು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವ ರಿವಾಲ್ವರಿನ ಹ್ಯಾಮರನ್ನು ಅಗಲ ಮಾಡಿ, ಇನ್ನೊಂದು ಕೈಯಿಂದ ಎಳೆಯುವ ಹಾಗೆ ಬಾಗಿಸಿಕೊಟ್ಟ. ಆ ಕಾಗದದಲ್ಲಿ ನಾಲ್ಕೇ ಬೆರಳಿದ್ದವು.

ನೆಡ್ರಾ ಹಾಲ್‌ಕಂ ಮೊದಲು ಬಂದದ್ದು 1983ರಲ್ಲಿ. ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೇಟೆಯವರನ್ನು ಬೆಟ್ಟಕ್ಕೆ ಕರೆದೊಯ್ಯುವುದು ಅವಳ ಕಸುಬು. ಆಗ ನಲವತ್ತೊಂದು ವರ್ಷ, ಗಂಡನಿಲ್ಲ, ಹದಿನಾಲ್ಕು ಹೇಸರಗತ್ತೆ. ತನ್ನ ಅಜ್ಜನ 1909ರ ರಿವಾಲ್ವರನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಕಾಲು ಮುರಿದ ಪ್ರಾಣಿಯನ್ನು ಬೆಟ್ಟದ ಮೇಲೆ ನರಳಲು ಬಿಟ್ಟು ಬರಲಾಗುವುದಿಲ್ಲವಲ್ಲ, ಅದಕ್ಕೆ.

"ನಮ್ಮಜ್ಜಂದು ಕೈ ಅಲ್ಲ, ಸಲಿಕೆ," ಎಂದಿದ್ದಳು. "ಟ್ರಿಗರ್ ತನಕ ನನ್ನ ಬೆರಳೇ ಹೋಗಲ್ಲ. ಇದನ್ನ ನನ್ನದು ಮಾಡಿಕೊಡು ಆರ್ವಿಡ್."

ಅವನು ಮಾಡಿಕೊಟ್ಟ. ತೆಳ್ಳಗಿನ, ಬೆನ್ನು ತಗ್ಗಿಸಿದ ಹಿಡಿ. ಅವಳು ಕಣ್ಣು ಮುಚ್ಚಿ ಒರೆಯಿಂದ ತೆಗೆದಳು, ನಕ್ಕಳು, ಹೋದಳು.

1986ರ ಆ ಏಪ್ರಿಲ್ ಬೆಳಿಗ್ಗೆ ಅದೇ ರಿವಾಲ್ವರನ್ನು ಅವನ ಮೇಜಿನ ಮೇಲಿಟ್ಟಳು.

"ಹಿಡಿ ತುಂಬ ಸಣ್ಣ ಆಯ್ತು."

"ಯಾವುದು?"

"ನೀನು ಮಾಡಿದ್ದು. ಬೆರಳು ಟ್ರಿಗರಿನ ಬಳೆಯೊಳಗೆ ಸಿಕ್ಕಿಕೊಳ್ತಿದೆ. ಗವಸು ಹಾಕಿದ್ರೆ ಅಂತೂ ಆಗೋದೇ ಇಲ್ಲ."

ಆರ್ವಿಡ್ ತನ್ನ ಪುಸ್ತಕ ತೆಗೆದ. ಹಿಡಿಯ ಮೇಲೆ ಮೂರು ಕಡೆ ಅಳತೆ ಹಿಡಿದ. ಪುಸ್ತಕದಲ್ಲಿದ್ದಷ್ಟೇ ಇತ್ತು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.

"ಮರ ಕುಗ್ಗಿಲ್ಲ," ಎಂದ.

"ಹಂಗಾದ್ರೆ ಮೊದಲೇ ಸಣ್ಣ ಮಾಡಿದ್ದೆ ಅನ್ನು."

"ಆವತ್ತು ಚೆನ್ನಾಗಿದೆ ಅಂದ್ಯಲ್ಲ."

"ಆವತ್ತು ಚೆನ್ನಾಗಿತ್ತು ಕಣಪ್ಪ. ಈಗಿಲ್ಲ. ನಾನೇನು ಮಾಡ್ಲಿ?"

ಅವನು 1983ರ ಕಾಗದ ಹುಡುಕಿ, ಅದರ ಮೇಲೆ ಅವಳ ಕೈ ಇಡಿಸಿದ. ಬೆರಳುಗಳು ಗೆರೆಯಿಂದ ಎರಡೂ ಕಡೆ ಹೊರಗೆ ಬಂದವು. ಅವಳು ನಗತೊಡಗಿದಳು. "ಮುದುಕಪ್ಪ, ಕನ್ನಡಕ ಇಲ್ಲದೆ ಗೆರೆ ಎಳೆದಿದ್ದೀಯ." ಹೊಸ ಕಾಗದ, ಹೊಸ ಗೆರೆ, ಸ್ವಲ್ಪ ದಪ್ಪ ಹಿಡಿ. ಅವಳು ತೃಪ್ತಿಯಿಂದಲೇ ಹೋದಳು. ಆರ್ವಿಡ್ ಮಾತ್ರ ಹಳೆಯ ಕಾಗದವನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತ.

"ಹೋಯ್ಟ್, ನಾನು ಇಷ್ಟು ತಪ್ಪು ಮಾಡಿರ್ತೀನಾ?"

"ಎಲ್ಲರೂ ಮಾಡ್ತಾರೆ," ಎಂದೆ. ಸಮಾಧಾನಕ್ಕೆ ಹೇಳಿದ ಮಾತು, ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಒಂದು ಮುಜುಗರವಿತ್ತು. ಹಿಂದಿನ ಚಳಿಗಾಲದಲ್ಲಿ ನೆಡ್ರಾ ನಾನು ಹೊಲಿದ ಗವಸು ವಾಪಸು ತಂದು, ನೆನೆದು ಕುಗ್ಗಿದೆ ಎಂದಿದ್ದಳು. ನಾನು ಜಿಂಕೆಯ ಚರ್ಮ ಮಾರಿದವನನ್ನು ಬೈದುಕೊಂಡು ಬೇರೆ ಹೊಲಿದುಕೊಟ್ಟಿದ್ದೆ. ಅವೆರಡನ್ನೂ ಜೋಡಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

1988ರ ಮಾರ್ಚಿನಲ್ಲಿ ಅವಳು ಮತ್ತೆ ಬಂದಳು. ಈ ಸಲ ನಗಲಿಲ್ಲ. ತಲೆನೋವು ಎಂದು ಟೋಪಿಯನ್ನು ಹುಬ್ಬಿನ ತನಕ ಕೆಳಕ್ಕೆ ಎಳೆದುಕೊಂಡಿದ್ದಳು. ದನಿ ಗಡಸಾಗಿತ್ತು. ಸಿಗರೇಟು ಹೆಚ್ಚಾಗಿದೆ ಎಂದುಕೊಂಡೆ.

"ಮತ್ತೆ ಸಣ್ಣ," ಎಂದು ರಿವಾಲ್ವರ್ ಇಟ್ಟಳು. "ಆರ್ವಿಡ್, ನಿನಗೆ ಕೈಲಾಗದೆ ಇದ್ರೆ ಹೇಳಿಬಿಡು. ನಾನೇನೂ ಬೇಜಾರು ಮಾಡ್ಕೊಳಲ್ಲ. ಶೆರಿಡನ್‌ನಲ್ಲಿ ಇನ್ಯಾರೋ ಇದ್ದಾರಂತೆ."

ಆರ್ವಿಡ್ ಕಾಗದದ ಮೇಲೆ ಅವಳ ಕೈ ಇಡಿಸಿ, ಮೂರನೆಯ ಸಲ ಗೆರೆ ಎಳೆದ. ಇನ್ನೂ ದಪ್ಪ ಹಿಡಿ ಕೆತ್ತಿಕೊಟ್ಟ.

ಅದಾದ ಮೇಲೆ ಅವನು ಹೊಸ ಕೆಲಸ ತೆಗೆದುಕೊಳ್ಳುವುದನ್ನು ನಿಲ್ಲಿಸಿದ. ಬಂದವರಿಗೆಲ್ಲ "ಸದ್ಯಕ್ಕೆ ಕೈತುಂಬ ಇದೆ" ಎನ್ನುವುದು, ಮೇಜಿನ ಮುಂದೆ ಸುಮ್ಮನೆ ಕೂರುವುದು. ಒಂದು ಬೆಳಿಗ್ಗೆ ಅವನು ಏನೋ ಗೊಣಗುವುದು ಕೇಳಿ ಇಣುಕಿದೆ. ರೈಲು ದಾರಿಯ ಸ್ಟೇಷನ್ನುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಿದ.

ಅವನ ಹೆಂಡತಿ ಮಾರ್ವೆಲ್ ಆ ವಾರ ಒರೆ ನೋಡುವ ನೆಪದಲ್ಲಿ ನನ್ನ ಕಡೆ ಬಂದಳು. "ಇವರಪ್ಪ ಕೊನೆಗಾಲದಲ್ಲಿ ಬೂಟುಗಳನ್ನ ಒಲೆಯೊಳಗೆ ಇಡ್ತಿದ್ರು," ಎಂದಳು ಮೆಲ್ಲಗೆ. "ಮಗನ ಹೆಸರೂ ಮರೆತಿದ್ರು. ಇವರಿಗೂ ಅದೇ ಶುರುವಾಯ್ತು ಅಂತ ಭಯ. ನನ್ನ ಹತ್ರ ಬಾಯಿ ಬಿಡಲ್ಲ. ನಿಂಗೇನಾದ್ರೂ ವ್ಯತ್ಯಾಸ ಕಾಣಿಸ್ತಾ, ಹೋಯ್ಟ್?"

ನನ್ನ ಕಣ್ಣಿಗೆ ಅವನು ಮೊದಲಿನ ಹಾಗೇ ಕಾಣುತ್ತಿದ್ದ. ಆದರೆ ಮೊದಲಿನ ಹಾಗೆ ಕಾಣುವವನು ಒಂದೇ ಹೆಂಗಸಿನ ಒಂದೇ ಕೈಯನ್ನು ಎರಡು ಸಲ ತಪ್ಪಾಗಿ ಅಳೆಯುತ್ತಾನೆಯೇ?

ಏಪ್ರಿಲ್ ಕೊನೆಯಲ್ಲಿ ಅವನು ನನ್ನ ಕಡೆಗೆ ಬಂದು, "ಕೈ ಕೊಡು" ಎಂದ. ಅವನ ಬಳಿ 1979ರಲ್ಲಿ ಬರೆದ ನನ್ನ ಕೈಯ ಕಾಗದವಿತ್ತು. ಹೊಸ ಕಾಗದದ ಮೇಲೆ ಗೆರೆ ಎಳೆದು, ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಬೆಳಕಿಗೆ ಹಿಡಿದ. ಗೆರೆಯ ಮೇಲೆ ಗೆರೆ ಕೂತಿತ್ತು.

"ಇದು ಸರಿ ಇದೆ," ಎಂದ. ಆ ಮಾತಿನಲ್ಲಿ ಸಂತೋಷಕ್ಕಿಂತ ಗೊಂದಲವೇ ಹೆಚ್ಚಿತ್ತು.

ಆಮೇಲೆ ಎರಡು ವಾರ ಊರಿನವರಿಗೆಲ್ಲ ಅವನದೇ ತಮಾಷೆ. ಕೆಫೆಗೆ ಹೋಗಿ, ಹಳೆಯ ಗಿರಾಕಿಗಳ ಮುಂದಿನ ತಟ್ಟೆ ಸರಿಸಿ, ಕಾಗದ ಹಾಸಿ, "ಕೈ ಇಡು" ಎನ್ನುವುದು. ಹೆಬ್ಬೆರಳಿಲ್ಲದವನು, "ಆರ್ವಿಡ್, ಅದು ಮತ್ತೆ ಬೆಳೆದಿದೆಯಾ ಅಂತ ನೋಡ್ತಿದ್ದೀಯಾ?" ಎಂದಾಗ ಎಲ್ಲರೂ ನಕ್ಕರು. ಆರ್ವಿಡ್ ನಗದೆ ಗೆರೆ ಎಳೆದುಕೊಂಡು ಬಂದ. ಒಟ್ಟು ಹನ್ನೊಂದು ಕೈ. ಹನ್ನೊಂದೂ ಹಳೆಯ ಕಾಗದಕ್ಕೆ ಸರಿಯಾಗಿ ಕೂತವು.

ಹನ್ನೊಂದನೆಯವನು ಪಶುವೈದ್ಯ ಎಮ್ಮೆಟ್ ಗ್ರೂವರ್. ಅವನು ಶೆಡ್ಡಿಗೇ ಬಂದಿದ್ದ. ಕೈ ಒರೆಸಿಕೊಳ್ಳುತ್ತ, "ಇದೆಲ್ಲ ಯಾಕಯ್ಯಾ?" ಎಂದು ಕೇಳಿದ.

ಆರ್ವಿಡ್ ನೆಡ್ರಾಳ ಮೂರು ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದ. ಒಂದು ಕೈಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು.

"ನನ್ನ ತಲೆ ಕೆಟ್ಟಿದೆ ಅಂದ್ಕೊಂಡೆ," ಎಂದ. "ತಲೆ ಕೆಟ್ಟಿದ್ರೆ ಎಲ್ಲರ ಕೈನೂ ತಪ್ಪಬೇಕಲ್ವ? ಇವಳೊಬ್ಬಳದೇ ಯಾಕೆ ತಪ್ಪುತ್ತೆ? ನನಗೆ ಅರ್ಥ ಆಗ್ತಿಲ್ಲ, ಎಮ್ಮೆಟ್."

ಗ್ರೂವರ್ ಗಾಜಿನ ಹತ್ತಿರಕ್ಕೆ ಹೋದ. "ಇವಳಿಗೆ ವಯಸ್ಸೆಷ್ಟು?"

"ನಲವತ್ತಾರು."

"ನಲವತ್ತಾರಕ್ಕೆ ಕೈ ಬೆಳೆಯಲ್ಲ." ಅವನು ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದ. "ನಾನು ದನದ ಡಾಕ್ಟರು. ಮನುಷ್ಯರ ವಿಷಯ ಮಾತಾಡಿದ್ರೆ ತಪ್ಪಾಗುತ್ತೆ. ಆದ್ರೆ ಓದೋವಾಗ ಎಲ್ಲೋ ನೋಡಿದ್ದೀನಿ. ತಲೆ ಒಳಗೆ ಒಂದು ಗ್ರಂಥಿ ಇರುತ್ತೆ, ಅದು ಹದ ತಪ್ಪಿದ್ರೆ ಹಿಂಗಾಗುತ್ತೆ. ಅವಳು ದೊಡ್ಡ ಡಾಕ್ಟರಿಗೆ ತೋರಿಸ್ಲಿ. ಈ ಕಾಗದಗಳನ್ನೂ ತಗೊಂಡು ಹೋಗ್ಲಿ."

ಆರ್ವಿಡ್ ಕುರ್ಚಿಯ ಮೇಲೆ ಕೂತುಬಿಟ್ಟ. ತಾನು ಸರಿಯಾಗಿಯೇ ಇದ್ದೇನೆಂದು ನಿರಾಳವಾಗಬೇಕೋ, ನೆಡ್ರಾಳಿಗಾಗಿ ಹೆದರಬೇಕೋ ಅವನಿಗೆ ತಿಳಿದಂತೆ ಕಾಣಲಿಲ್ಲ. ಎರಡೂ ಒಟ್ಟಿಗೆ ಆಗಿರಬೇಕು.

ಮರುದಿನ ನಾವಿಬ್ಬರೂ ನನ್ನ ಪಿಕಪ್‌ನಲ್ಲಿ ಅವಳ ಬಳಿಗೆ ಹೋದೆವು. ದೊಡ್ಡಿಯಲ್ಲಿ ಹೇಸರಗತ್ತೆಗಳಿಗೆ ಲಾಳ ಬಡಿಯುತ್ತಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ ಆರ್ವಿಡ್ ಅವಳ ಮುಂದೆ ನಿಂತ ಮೇಲೆ ಎಲ್ಲ ಮರೆತು, "ನೆಡ್ರಾ, ನಿನ್ನ ಕೈ ದೊಡ್ಡದಾಗ್ತಿದೆ" ಎಂದುಬಿಟ್ಟ.

ಅವಳು ಸುತ್ತಿಗೆ ಕೆಳಗಿಟ್ಟಳು. "ಹೆಂಗಸಿನ ಕೈ ದಪ್ಪ ಅಂತ ಹೇಳೋಕೆ ಇಪ್ಪತ್ತು ಮೈಲಿ ಬಂದ್ರಾ ಇಬ್ಬರೂ?"

"ಹಂಗಲ್ಲ ಹುಡುಗಿ. ಕಾಗದ ನೋಡು."

"ನಾನು ಕೆಲಸ ಮಾಡೋಳು. ದುಡಿಯೋರ ಕೈ ದಪ್ಪ ಆಗುತ್ತೆ."

"ನನ್ನದು ಆಗಿಲ್ಲ. ಹೋಯ್ಟ್‌ದು ಆಗಿಲ್ಲ. ಹನ್ನೊಂದು ಜನರದು ನೋಡಿದೆ, ಯಾರದೂ ಆಗಿಲ್ಲ."

"ಅಂದ್ರೆ ಊರಿಗೆಲ್ಲ ನನ್ನ ಕೈ ತೋರಿಸಿಕೊಂಡು ಬಂದಿದ್ದೀಯ."

ಆರ್ವಿಡ್ ಕಾಗದಗಳನ್ನು ಬೇಲಿಯ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಲಾಳ ಹೇರಿದ. ನಾನು ಅವಳ ಬೂಟು ನೋಡಿದೆ. ಗಂಡಸರ ಬೂಟು. ನಾನು ಅವಳಿಗೆ ಹಿಂದೆ ಹೊಲಿದುಕೊಟ್ಟದ್ದಕ್ಕಿಂತ ಎರಡು ಅಳತೆ ದೊಡ್ಡದು. ಅವಳಿಗೂ ನಾನು ನೋಡಿದ್ದು ತಿಳಿಯಿತು. ಹೇಸರಗತ್ತೆಯ ಆಚೆ ಪಕ್ಕಕ್ಕೆ ಹೋಗಿ ನಿಂತಳು. ಕಾಗದಗಳನ್ನು ಅಲ್ಲೇ ಬಿಟ್ಟು ನಾವು ವಾಪಸು ಬಂದೆವು.

ಅವಳು ತಕ್ಷಣ ಡಾಕ್ಟರ ಬಳಿ ಹೋಗಲಿಲ್ಲ. ಜುಲೈನಲ್ಲಿ ಬೆಟ್ಟದ ದಾರಿಯಲ್ಲಿ ಎಡಗಡೆಯ ಒಂದು ಕೊಂಬೆ ಅವಳನ್ನು ಕುದುರೆಯಿಂದ ಕೆಡವಿತು. ಹಿಂದೆ ಬರುತ್ತಿದ್ದವನು, "ಅಷ್ಟು ದೊಡ್ಡ ಕೊಂಬೆ, ಕಾಣಿಸಲಿಲ್ವ?" ಎಂದು ಕೇಳಿದನಂತೆ. ಅವಳಿಗೆ ನಿಜಕ್ಕೂ ಕಂಡಿರಲಿಲ್ಲ. ನೋಟದ ಎರಡು ಅಂಚುಗಳೂ ಕತ್ತಲಾಗುತ್ತ ಬಂದಿದ್ದು ಅವಳಿಗೆ ಆವತ್ತೇ ಗೊತ್ತಾದದ್ದು. ಮರುವಾರ ಕಾಗದಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಡೆನ್ವರಿಗೆ ಹೋದಳು.

ಗ್ರೂವರ್ ಹೇಳಿದ್ದು ನಿಜವಾಗಿತ್ತು. ಮೆದುಳಿನ ತಳದ ಗ್ರಂಥಿಯ ಮೇಲೆ ಗಡ್ಡೆ. ಅದು ದೃಷ್ಟಿಯ ನರವನ್ನು ಒತ್ತುತ್ತಿತ್ತು. ಮೂಗಿನ ದಾರಿಯಿಂದಲೇ ತೆಗೆದರು. ಮೊದಲ ಪರೀಕ್ಷೆಯಲ್ಲಿ ಡಾಕ್ಟರು ಹಳೆಯ ಫೋಟೋ ಕೇಳಿದರಂತೆ, ಮುಖ ಬದಲಾದದ್ದನ್ನು ನೋಡಲು. ಫೋಟೋ ತೆಗೆಸಿಕೊಳ್ಳುವ ಜಾಯಮಾನದವಳಲ್ಲ ನೆಡ್ರಾ. ಕಾಗದ ಕೊಟ್ಟಳು. ರೋಗಿಯ ಕೈಯನ್ನು ಐದು ವರ್ಷ ಯಾರು ಬರೆದಿಟ್ಟರೆಂದು ಅವರು ಕೇಳಿದಾಗ, "ನನ್ನ ರಿವಾಲ್ವರ್ ರಿಪೇರಿಯವನು" ಎಂದಳು. ಡಾಕ್ಟರು ಇನ್ನೊಮ್ಮೆ ಕೇಳಿದರಂತೆ.

ಅಕ್ಟೋಬರಿನಲ್ಲಿ ಶೆಡ್ಡಿಗೆ ಬಂದಳು. ತೆಳ್ಳಗಾಗಿದ್ದಳು. ರಿವಾಲ್ವರ್ ಮೇಜಿನ ಮೇಲಿಟ್ಟು, "ಈಗ ದೊಡ್ಡದಾಯ್ತು" ಎಂದಳು.

ಆರ್ವಿಡ್ ಅವಳ ಮುಖ ನೋಡಿದ. "ಯಾವುದು?"

"ಹಿಡಿ. ಊತ ಇಳೀತಿದೆ ಅಂದ್ರು. ಮೂಳೆ ಹಂಗೇ ಇರುತ್ತಂತೆ, ಮಾಂಸ ಸ್ವಲ್ಪ ಇಳಿಯುತ್ತಂತೆ. ಎಷ್ಟು ಅಂತ ಅವರಿಗೂ ಗೊತ್ತಿಲ್ಲ."

"ಹಂಗಾದ್ರೆ ನಾನು ಯಾವ ಕೈಗೆ ಕೆತ್ತಲಿ?"

"ಅದನ್ನ ನಿನ್ನ ಕೇಳೋಕೇ ಬಂದಿದ್ದು."

ಕೊನೆಗೆ ಒಂದು ವರ್ಷ ಕಾಯುವುದೆಂದಾಯಿತು. ಆರ್ವಿಡ್ ಅಲ್ಲಿಯವರೆಗೆ ಹಿಡಿಗೆ ಚರ್ಮದ ಪಟ್ಟಿ ಸುತ್ತಿಕೊಟ್ಟ, ಬೇಕೆಂದಾಗ ಬಿಗಿ ಮಾಡಬಹುದು, ಸಡಿಲಿಸಬಹುದು. ಪಟ್ಟಿ ಕತ್ತರಿಸಿ ಕೊಟ್ಟವನು ನಾನು.

ಊರಿನವರು ಅವನನ್ನು ಹೊಗಳತೊಡಗಿದರು. ಚರ್ಚಿನ ಬೆಳಗಿನ ಊಟದಲ್ಲಿ ಪಾದ್ರಿ ಎದ್ದು ನಿಂತು ಅವನ ಹೆಸರು ಹೇಳಿದಾಗ ಆರ್ವಿಡ್ ತನ್ನ ದೋಸೆಯಂಥ ಪ್ಯಾನ್‌ಕೇಕನ್ನೇ ನೋಡುತ್ತಿದ್ದ. ವಾಪಸು ನಡೆದು ಬರುವಾಗ ನನ್ನನ್ನು ಕೇಳಿದ, "86ರಲ್ಲೇ ನನ್ನ ಪೆನ್ಸಿಲನ್ನ ನಾನು ನಂಬಿದ್ರೆ ಅವಳ ಕಣ್ಣು ಪೂರ್ತಿ ಉಳೀತಿತ್ತು, ಅಲ್ವ? ಎಡಗಡೆ ಅಂಚು ಇನ್ನೂ ಮಬ್ಬಂತೆ."

"ಯಾರಿಗೆ ಗೊತ್ತಿತ್ತು?"

"ಕಾಗದಕ್ಕೆ ಗೊತ್ತಿತ್ತು."

ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಮುಂದಿನ ಚಳಿಗಾಲ ನೆಡ್ರಾ ಹೊಸ ಹಿಡಿಗೆ ಬಂದಾಗ ಅವಳನ್ನೇ ಕೇಳಿದ. ಅವಳು ಸ್ವಲ್ಪ ಯೋಚಿಸಿ, "86ರಲ್ಲಿ ಹೇಳಿದ್ರೆ ನಿನ್ನ ಮೂಗಿಗೆ ಒಂದು ಗುದ್ದಿ ಶೆರಿಡನ್‌ಗೆ ಹೋಗಿರ್ತಿದ್ದೆ" ಎಂದಳು.

ಅದು ಸಮಾಧಾನದ ಮಾತೋ ಅಲ್ಲವೋ ಎಂದು ಅವನು ನನ್ನನ್ನು ಆಮೇಲೆ ಎರಡು ಸಲ ಕೇಳಿದ. ಅವನು ಇನ್ನೂ ಏಳು ವರ್ಷ ಕೆಲಸ ಮಾಡಿದ. ನೆಡ್ರಾ ವರ್ಷಕ್ಕೊಮ್ಮೆ, ಹಿಡಿ ಸರಿಯಾಗಿದ್ದರೂ, ಬೆಟ್ಟದಿಂದ ಇಳಿದ ಮೇಲೆ ಬಂದು ಅವನ ಮೇಜಿನ ಪಕ್ಕದಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದಳು. ಕೂರುವಾಗ ಅವನನ್ನು ಬಲಗಡೆಗೆ ಮಾಡಿಕೊಂಡು ಕೂರುತ್ತಿದ್ದಳು.