ಬಾಟಲಿ ಅಕ್ಕನ ಬಿಳಿ ಬೂಷ್ಟು

ಕೃಷಿ ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಬಾಟಲಿ ತೊಳೆದವಳನ್ನು ಎಲ್ಲರೂ ಬಾಟಲಿ ಅಕ್ಕ ಎಂದೇ ಕರೆಯುತ್ತಿದ್ದರು. ಓದಿದ್ದು ಏಳನೇ ಕ್ಲಾಸು, ಆದರೆ ಕಣ್ಣು ಚುರುಕು. ಅಲ್ಲಿನ ಮೇಡಮ್ ಗಾಜಿನ ನಳಿಕೆಯಲ್ಲಿ ಬೂಷ್ಟು ಬೆಳೆಸುವುದನ್ನೂ ಗಿಡದ ಹೇನುಗಳು ಸಾಯಲೆಂದು ಅದನ್ನು ನೀರಲ್ಲಿ ಕದಡಿ ಸಿಂಪಡಿಸುವುದನ್ನೂ ನೋಡಿ ನೋಡಿಯೇ ಕಲಿತಿದ್ದಳು. ನಿವೃತ್ತಿಯಾದ ಮೇಲೆ ತಮ್ಮನ ಮನೆ ಸೇರಿದಳು.

ತಮ್ಮನಿಗೆ ನಾಲ್ಕು ಹಸು, ಎರಡು ಎಕರೆ ಮೆಕ್ಕೆಜೋಳ. ಹಿಂದಿನ ವರ್ಷ ಹೇನಿಗೆಂದು ವಿಷ ಹೊಡೆಯುವಾಗ ಗಾಳಿ ತಿರುಗಿ, ಬೆನ್ನಿಗೆ ಪಂಪು ಕಟ್ಟಿಕೊಂಡೇ ಸಾಲಿನ ನಡುವೆ ಕುಸಿದುಬಿದ್ದಿದ್ದ. ಮೂರು ದಿನ ಆಸ್ಪತ್ರೆ. ಅವನು ಕಣ್ಣು ಬಿಡುವ ತನಕ ಅಕ್ಕ ಮಂಚದ ಸರಳು ಹಿಡಿದ ಕೈ ಸಡಿಲಿಸಿರಲಿಲ್ಲ.

ಈ ಸಲ ಗಿಡ ಮೊಣಕಾಲೆತ್ತರ ಬಂದಿತ್ತು. ಒಂದು ಸುಳಿಯಲ್ಲಿ ಹಸಿರು ಹೇನು ಕಂಡಿದ್ದೇ ತಡ, ಅಕ್ಕ ಕಾಲೇಜಿಗೆ ಓಡಿ ಮೇಡಮ್ ಹತ್ತಿರ ಒಂದು ನಳಿಕೆ ಬೂಷ್ಟು ಕೇಳಿ ತಂದಳು. ಅಕ್ಕಿ ನುಚ್ಚನ್ನು ಬಾಟಲಿಗೆ ತುಂಬಿ, ಹತ್ತಿಯ ಬಿರಡೆ ಹಾಕಿ, ಕುಕ್ಕರಿನಲ್ಲಿ ಬೇಯಿಸಿದಳು. ಆರಿದ ಮೇಲೆ ನಳಿಕೆಯ ಬೂಷ್ಟನ್ನು ಒಂದೊಂದು ಚೂರು ಒಳಗೆ ಹಾಕಿಟ್ಟಳು.

ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ನಿಂತು ನಕ್ಕಳು. "ಬೂಷ್ಟು ಹಿಡಿದಿದ್ದನ್ನ ನಾವು ಎಸೀತೀವಿ ಅತ್ತಿಗೆ. ನೀವು ಮುತುವರ್ಜಿಯಿಂದ ಹಿಡಿಸ್ತಿದೀರಲ್ಲ!"

ಮೊದಲ ಆರು ಬಾಟಲಿಗಳು ಕಪ್ಪಾಗಿ ಗಬ್ಬು ನಾತ ಹೊಡೆದವು. ನೀರು ಹೆಚ್ಚಾಗಿತ್ತು. ಅಕ್ಕ ಅವನ್ನು ಹಿತ್ತಲಲ್ಲಿ ಹೂತು, ನುಚ್ಚನ್ನು ಸ್ವಲ್ಪ ಒಣಗಿಸಿ ಮತ್ತೆ ಒಲೆ ಹಚ್ಚಿದಳು. ಈ ಬಾರಿ ಹತ್ತು ದಿನಕ್ಕೆ ಬಾಟಲಿಯೊಳಗೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಬೂಷ್ಟು ಹಬ್ಬಿತು.

ಅಷ್ಟರಲ್ಲಿ ಹೊಲ ಕೆಟ್ಟಿತ್ತು. ಸುಳಿ ಸುಳಿಯಲ್ಲೂ ಹೇನು, ಮುಟ್ಟಿದರೆ ಅಂಟುವ ಎಲೆ, ಆ ಅಂಟಿಗೆ ಸಾಲುಗಟ್ಟಿದ ಇರುವೆ. ತಮ್ಮ ಸುಮ್ಮನೆ ಹೋಗಿ ವಿಷದ ಡಬ್ಬಿ ಕೊಂಡು ತಂದಿದ್ದ.

"ಒಂದು ವಾರ ತಡಿಯೋ," ಎಂದಳು ಅಕ್ಕ.

ಬಿಸಿಲಿಗೆ ಬೂಷ್ಟು ಸಾಯುತ್ತದೆಂದು ಸಂಜೆ ಇಳಿಹೊತ್ತಿಗೆ ಹೊರಟರು. ನುಚ್ಚನ್ನು ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಹಿಡಿಯಲೆಂದು ಒಂದು ಚೂರು ಸೋಪು ಕದಡಿದರು. ತಮ್ಮ ಪಂಪು ಹೊತ್ತ. ಅಕ್ಕ ಮುಂದೆ ನಡೆಯುತ್ತಾ, "ಸುಳಿ ಒಳಗೆ ಹೊಡಿ, ಬರೀ ಮೇಲ್ಮೇಲೆ ಸ್ನಾನ ಮಾಡಿಸಬೇಡ," ಎಂದು ಗದರಿಸುತ್ತಿದ್ದಳು.

ಮೂರನೇ ದಿನ ಹೇನುಗಳು ಇದ್ದಲ್ಲೇ ಇದ್ದವು.

"ನಿನ್ನ ಔಷಧಿ ಕುಡಿದು ಮೈಕೈ ತುಂಬ್ಕೊಂಡಿವೆ ಅಕ್ಕ," ಎಂದ ತಮ್ಮ.

"ಇದು ವಿಷ ಅಲ್ಲ ಕಣೋ, ಕಾಯಿಲೆ. ಹತ್ತೋಕೆ ದಿನ ಹಿಡಿಯುತ್ತೆ."

ಹಾಗೆಂದಳೇ ಹೊರತು ಅವಳೂ ಗಳಿಗೆಗೊಮ್ಮೆ ಹೊಲಕ್ಕೆ ಹೋಗಿ ಸುಳಿ ಬಿಡಿಸಿ ನೋಡುತ್ತಿದ್ದಳು. ಐದನೇ ದಿನ ತಮ್ಮ ಪಂಪು, ಡಬ್ಬಿ ಎರಡನ್ನೂ ಎತ್ತಿಕೊಂಡು ಹೊರಟೇಬಿಟ್ಟ. ಅಕ್ಕ ಹೊಸ್ತಿಲಿಗೆ ಅಡ್ಡ ನಿಂತಳು.

"ಹೊಡೆಯಲೇಬೇಕು ಅಂದ್ರೆ ಪಂಪು ನನ್ನ ಬೆನ್ನಿಗೆ ಕಟ್ಟು. ನೀನು ಬಿದ್ದಿದ್ದನ್ನ ಒಂದ್ಸಲ ನೋಡಿದೀನಿ, ಸಾಕು."

ಅವನು ಅವಳ ಮುಖ ನೋಡಿದ. ಆಮೇಲೆ ಪಂಪನ್ನು ಗೋಡೆಗೆ ಒರಗಿಸಿ, ಹಸುಗಳಿಗೆ ನೀರಿಡಲು ಹೋದ.

ಅವತ್ತೇ ಮೋಡ ಕವಿದು ಜಿಟಿಜಿಟಿ ಹನಿಯಿತು. ಬೂಷ್ಟಿಗೆ ಬೇಕಾದದ್ದೇ ಆ ತೇವ. ಏಳನೇ ದಿನ ಬೆಳಿಗ್ಗೆ ಹೊಲಕ್ಕೆ ಹೋಗಲು ಅಕ್ಕನಿಗೆ ಧೈರ್ಯ ಸಾಲದೆ ಅಂಗಳ ಗುಡಿಸುತ್ತಾ ಕಾಲ ತಳ್ಳಿದಳು. ಮೇವು ತರಲು ಹೋದ ತಮ್ಮ ಬರಿಗೈಲಿ ಬಂದ. ಅಲ್ಲ, ಬೊಗಸೆಯಲ್ಲಿ ಒಂದೇ ಒಂದು ಎಲೆ.

"ಕನ್ನಡಕ ಹಾಕ್ಕೊಂಡು ನೋಡು."

ಹೇನುಗಳು ಎಲೆಗೆ ಕಚ್ಚಿಕೊಂಡೇ ಕಂದಿಹೋಗಿದ್ದವು. ಒಂದೊಂದರ ಮೈಮೇಲೂ ಬೂಷ್ಟಿನ ಬಿಳಿ ನವಿರು. ಉಳಿದಿದ್ದ ನಾಲ್ಕಾರನ್ನು ಒಂದು ಕೆಂಪು ಗುಲಗಂಜಿ ಹುಳು ನಿಧಾನವಾಗಿ ತಿನ್ನುತ್ತಿತ್ತು.

"ಎಲ್ಲಾ ಕಡೆನೂ ಹೀಗೇನಾ?"

"ಬದುವಿನ ಪಕ್ಕದ ಎರಡು ಸಾಲು ಹೋಯ್ತು. ಮಿಕ್ಕಿದ್ದೆಲ್ಲಾ ಹೀಗೇ." ಅವನು ಗೋಡೆಗೊರಗಿದ್ದ ಪಂಪಿನ ಕಡೆ ತಿರುಗಿದ. "ಇನ್ನೊಂದ್ಸಲ ಹೊಡೆಯೋಣವಾ ಅಕ್ಕ? ನೀನು ಹೇಳಿದ ಹಾಗೆ, ಸುಳಿ ಒಳಗೇ ಹೊಡಿತೀನಿ."

ಅಕ್ಕ ಪೊರಕೆ ಬಿಟ್ಟು ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು. ವಾರದಿಂದ ಕಾಣೆಯಾಗಿದ್ದ ಹಸಿವು ಈಗ ಬಂತು.

"ಹೊಡೆಯೋಣ ಕಣೋ," ಎಂದಳು. ಮತ್ತೆ ಒಳಗೆ ಕೇಳುವಂತೆ ಕೂಗಿದಳು: "ಏನಮ್ಮಾ, ತಿನ್ನೋಕೆ ಏನಾದ್ರೂ ಇದ್ಯಾ?"