ಅಗಳಿ ತೆಗೆದ ಮಧ್ಯಾಹ್ನ

ನಮ್ಮ ಮನೆಯ ಹಿಂಬಾಗಿಲ ಮೇಲೆ ಕೊಡಲಿಯ ಮೂರು ಏಟಿನ ಗುರುತಿದೆ. ಹೊಡೆದವನು ನನ್ನ ತಂಗಿಯ ಗಂಡ. ಇನ್ನೊಂದು ಏಟಿಗೆ ಬಾಗಿಲು ಬೀಳುತ್ತಿತ್ತು. ಓಣಿಯವರು ಓಡಿ ಬಂದದ್ದರಿಂದ ಕೊಡಲಿ ಬಿಸಾಕಿ ಬೈಕ್ ಹತ್ತಿದ. ಹೋಗುವಾಗ ಕೂಗಿದ: "ಇವತ್ತ ಉಳಕೊಂಡಿ. ನಾ ಒಳಗ ಬಂದ ದಿವ್ಸ ನಿನ್ನ ಕಡದ ಹಾಕತೇನಿ!" ತಂಗಿ ಅಡುಗೆಮನೆಯ ಮೂಲೆಯಲ್ಲಿ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಆ ಕೈ ಮುರಿದವನೂ ಅವನೇ. ಮುರಿದ ಮೇಲೆಯೇ ಅವಳು ತವರಿಗೆ ಬಂದದ್ದು.

ನೆಂಟರು ಬಂದು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದರು. "ಉಂಡು ಮಲಗಿದ ಮ್ಯಾಲೇ ಅವ ಆಕಿ ಕೈ ಮುರದದ್ದು, ಏಳ್ರಿ ಮ್ಯಾಲ" ಎಂದು ಚಹಾ ಕೂಡ ಕೊಡದೆ ಕಳಿಸಿದೆ. ಠಾಣೆಯಲ್ಲಿ ದೂರು ಬರೆದುಕೊಂಡು, ಬಾಗಿಲು ಭದ್ರ ಮಾಡಿಕೊಳ್ಳಿರಿ ಎಂದರು. ಮನೆಯಲ್ಲಿದ್ದದ್ದು ಅವ್ವ, ತಂಗಿ, ನಾನು, ಮೂವರೇ. ಭದ್ರ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಬೈರಿದೇವರಕೊಪ್ಪದಲ್ಲಿ ನಮ್ಮದು ದಿಮ್ಮಿ ಮನೆ ಎಂದೇ ಹೆಸರಾಗಿದೆ. ಅಪ್ಪನದು ಕಟ್ಟಿಗೆಯ ವ್ಯಾಪಾರ. ಊರೆಲ್ಲ ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟುವಾಗ ಆತ ಹಟಕ್ಕೆ ಬಿದ್ದು ಸಾಗವಾನಿಯ ದಿಮ್ಮಿಗಳನ್ನೇ ಒಂದರ ಮೇಲೊಂದು ಕೂರಿಸಿ ಗೋಡೆ ಎಬ್ಬಿಸಿದ್ದ. ಅಪ್ಪ ತೀರಿಹೋದ ಮೇಲೂ, ಇಂಥ ಗೋಡೆಯಿದ್ದರೆ ಯಾವ ಮಗ ಒಳಗೆ ಬಂದಾನು ಎಂಬ ಸೊಕ್ಕು ನನಗಿತ್ತು. ಗೋಡೆ ಕಟ್ಟುವಾಗ ಅಪ್ಪನ ಜೊತೆಗಿದ್ದ ಬಡಿಗ ಚಾಚಾನನ್ನು ದುರ್ಗದಬೈಲಿನಿಂದ ಕರೆಸಿದೆ. ಆತ ಐದು ನಿಮಿಷದಲ್ಲಿ ನನ್ನ ಸೊಕ್ಕು ಇಳಿಸಿದ.

"ನೋಡ್ರಿ ಅಕ್ಕಾರ, ಬರಾವ ದಿಮ್ಮಿ ಕಡಕೋಂತ ಕುಂದ್ರಂಗಿಲ್ಲ. ಬಾಗಲದ ಚೌಕಟ್ಟ ಕೀಳತಾನ. ಬ್ಯಾಸಗ್ಯಾಗ ಕಟಗಿ ಕುಗ್ಗಿ ಇಲ್ಲಿ ಸಂದ ಬಿಟ್ಟೈತಿ. ಇದರಾಗ ಒಂದ ಹಾರಿ ತುರುಕಿದ್ರ ಮುಗೀತ ನಿಮ್ಮ ಕ್ವಾಟಿ!"

ಎಂಟು ದಿನ ಕೆಲಸ ನಡೆಯಿತು. ಬಾಗಿಲ ಕೀಲುಗಳಿಗಿದ್ದ ಗಿಡ್ಡ ಸ್ಕ್ರೂ ತೆಗೆದು, ಚೌಕಟ್ಟು ದಾಟಿ ದಿಮ್ಮಿಯನ್ನೇ ಕಚ್ಚುವಂಥ ಗೇಣುದ್ದದ ಬೋಲ್ಟು ಹಾಕಿದ. ಸಂದುಗಳಿಗೆ ಕಟ್ಟಿಗೆಯ ಬೆಣೆ ಬಡಿದ. ಕಿಟಕಿಯ ಸರಳುಗಳು ದಿಮ್ಮಿಯೊಳಗೇ ಇಳಿದು ಕೂತವು. ಹಿಂಬಾಗಿಲಿಗೆ ಒಳಗಿನಿಂದ ತಗಡು ಹೊಡೆದು ಮುಚ್ಚಿಯೇಬಿಟ್ಟ. ಮುಂಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಅಗಳಿ ಮಾಡಿಕೊಟ್ಟ. ಮತ್ತಿಮರದ್ದು, ನನ್ನ ತೋಳಿನಷ್ಟು ದಪ್ಪ, ಎತ್ತಲು ಎರಡೂ ಕೈ ಬೇಕು. "ಹೊರಗಿಂದ ಆನಿ ಬಂದ್ರೂ ಇದು ಅಳ್ಳಾಡಂಗಿಲ್ಲ" ಎಂದ. "ಒಳಗಿಂದ ನೀವ ತಗದ್ರ ನನ್ನ ಕೇಳಬ್ಯಾಡ್ರಿ."

ನನಗೆ ಅವ್ವನದೇ ಚಿಂತೆ. ಹೊಸ್ತಿಲಿಗೆ ಬಂದವರನ್ನು ಬೆಲ್ಲ ನೀರು ಕೊಡದೆ ಕಳಿಸಿದ್ದು ಅವಳ ಜನ್ಮದಲ್ಲೇ ಇಲ್ಲ. ಮೀಟರ್ ನೋಡುವವನಾಗಲಿ, ದಾರಿ ಕೇಳಲು ನಿಂತವನಾಗಲಿ, ಮೊದಲು ತಂಬಿಗೆ, ಆಮೇಲೆ ಮಾತು. ಕೊರಳಿನ ಲಿಂಗ ಮುಟ್ಟಿಸಿ ಆಣೆ ಮಾಡಿಸಿದೆ: ನಾನು ಬರದೆ ಅಗಳಿಗೆ ಕೈ ಹಚ್ಚಕೂಡದು. "ಆತs ಯವ್ವಾ, ಎಷ್ಟ ಸಲ ಹೇಳ್ತಿ" ಎಂದಳು.

ಶ್ರಾವಣದ ಒಂದು ಮಧ್ಯಾಹ್ನ. ನಾನು ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಅವನು ಬಂದ. ಬರಿಗೈಲಿ ಬಂದ, ಹಣೆಗೆ ವಿಭೂತಿ ಬಳಿದುಕೊಂಡು ಬಂದ. ಬಾಗಿಲು ಬಡಿಯಲಿಲ್ಲ, ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು, "ಅತ್ತೀ, ಬಾಯಾರಿಕಿ ಆಗೇತ್ರಿ. ನೀರರ ಕೊಡ್ರಿ" ಎಂದ. ಅವ್ವ ಕಿಟಕಿಯಿಂದ ನೋಡಿದಳು. ಕೈಯಲ್ಲಿ ಏನೂ ಇಲ್ಲ. ಮನೆಯ ಅಳಿಯ, ಶ್ರಾವಣ ಮಾಸ, ಕೇಳಿದ್ದು ನೀರು. ಎರಡೂ ಕೈಯಿಂದ ಅಗಳಿ ಎತ್ತಿ, ಗೋಡೆಗೆ ಆನಿಸಿ, ನೀರು ತರಲು ಒಳಗೆ ಹೋದಳು.

ತಂಗಿಯ ಚೀರಾಟ ಕೇಳಿ ನಾನು ಒದ್ದೆ ಸೀರೆಯಲ್ಲೇ ಓಡಿ ಬಂದೆ. ಅಗಳಿ ಅವನ ಕೈಯಲ್ಲಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಏನೆಂದು ಆವತ್ತು ಕಣ್ಣಾರೆ ಕಂಡೆ. ಒಂದು ಏಟು ಆಗಲೇ ಬಿದ್ದಿತ್ತು. ತಂಗಿಯ ದವಡೆ ಒಂದು ಕಡೆ ಜೋತುಬಿದ್ದಿತ್ತು, ಎರಡು ಹಲ್ಲು ನೆಲದ ಮೇಲಿದ್ದವು, ಅಪ್ಪನ ದಿಮ್ಮಿಗಳ ಮೇಲೆ ರಕ್ತ ಸಿಡಿದಿತ್ತು. ಎರಡನೆಯ ಏಟಿಗೆ ಅವಳು ಉರುಳಿದಳು. ಅಗಳಿ ಗೋಡೆಗೆ ಬಡಿದು ಇಡೀ ಮನೆ ಧಡ್ ಎಂದಿತು.

ನಾನು ಅವನ ಮಣಿಕಟ್ಟು ಕಚ್ಚಿದೆ. ಹಲ್ಲು ಎಲುಬಿಗೆ ತಾಗುವ ತನಕ ಬಿಡಲಿಲ್ಲ. ಅಗಳಿ ಬಿತ್ತು. ಎತ್ತಿಕೊಂಡೆ. "ನಿನ್ನ ಹೆಣಾ ಎತ್ತ, ಭಾಡ್ಯಾ!" ಎಂದು ಮೊಣಕಾಲಿಗೆ ಬೀಸಿದೆ. ಒಣ ಕಟ್ಟಿಗೆ ಮುರಿದಂತೆ ಸಪ್ಪಳವಾಯಿತು. ಬಿದ್ದವನ ಭುಜಕ್ಕೆ ಕೊಟ್ಟೆ. ಅವಳ ಕೈ ಮುರಿದ ಆ ಕೈಗೆ ಕೊಟ್ಟೆ. ಸುಳ್ಳು ಯಾಕೆ ಬರೆಯಲಿ? ಮೊದಲ ಏಟು ತಂಗಿಯನ್ನು ಉಳಿಸಲು. ಆಮೇಲಿನವು ನನ್ನ ಸಂತೋಷಕ್ಕೆ. ಹೌದು, ಸಂತೋಷವೇ. ಮುಂದಿನದಕ್ಕೆ ಅವನ ತಲೆ ನೋಡಿ ಅಗಳಿ ಎತ್ತಿದ್ದೆ. ತಂಗಿ ತೆವಳಿ ಬಂದು ನನ್ನ ಕಾಲು ಹಿಡಿದಳು. ಒಡೆದ ಬಾಯಲ್ಲಿ ಮಾತು ಅರ್ಧ ಅರ್ಧವೇ ಬಂತು.

"ಸಾಕs ಅಕ್ಕಾ... ನೀ ಜೇಲಿಗೆ ಹೋದ್ರ... ನಾ ಯಾರ ಹಂತ್ಯಾಕ ಇರ್ಲಿ?"

ಅಗಳಿ ಕೆಳಗಿಟ್ಟೆ. ಆಗ ನೆಲದ ಮೇಲಿನಿಂದ ಅವನು ನರಳಿದ: "ಅತ್ತೀ... ನೀರು..." ಈ ಸಲ ಖರೇನೇ ಬಾಯಾರಿತ್ತು ಮಗನಿಗೆ.

ಅವ್ವ ಒಳಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಬೆಲ್ಲ. ಅವನನ್ನು ದಾಟಿ ಬಂದು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗುಟುಕು ಗುಟುಕಾಗಿ ಕುಡಿಸಿದಳು. ಕೆಂಪಾಗಿ ಹೊರಗೆ ಹರಿದರೂ ಮತ್ತೆ ಮತ್ತೆ ಹಾಕಿದಳು. ತಂಬಿಗೆ ಖಾಲಿಯಾದ ಮೇಲೆ ಅವನ ಕಡೆ ತಿರುಗಿ, "ನೀರ ಮುಗದಾವು" ಎಂದಳು. ಅಂಥ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಪೊಲೀಸರು ಅವನ ಜೊತೆಗೆ ಅಗಳಿಯನ್ನೂ ಒಯ್ದರು. ಚಾಚಾ ಹೊಸದನ್ನು ಕೂರಿಸಲು ಬಂದಾಗ ಅವ್ವ ಆತನ ಮುಂದೆ ಅತ್ತುಬಿಟ್ಟಳು. ಅವಳು ಕೇಳಿದಂತೆ ಬಾಗಿಲ ಪಕ್ಕದ ದಿಮ್ಮಿಯಲ್ಲಿ ಒಂದು ಕಿಂಡಿ ಕೊರೆದುಕೊಟ್ಟ, ತಂಬಿಗೆ ಹಿಡಿಸುವಷ್ಟೇ.

ಕೇಸು ನಡೆದಿರುವಾಗ ತಂಗಿಯ ಗಂಡನ ದೊಡ್ಡಪ್ಪ ರಾಜಿ ಮಾಡಿಸಲು ಬಂದ. ಅವ್ವ ಕಿಂಡಿಯಿಂದ ಬೆಲ್ಲ ನೀರು ಕೊಟ್ಟಳು. ಕುಡಿದು, "ಬಾಗಲಾ ತಗೀರಿ ತಂಗೆವ್ವಾ, ಒಳಗ ಕುಂತು ಮಾತಾಡೂಣು" ಎಂದ.

"ಬೇಕಾದ್ರ ಇನ್ನೊಂದ ತಂಬಗಿ ಕೊಡತೇನ್ರಿ ಅಣ್ಣಾರ" ಎಂದಳು ಅವ್ವ. "ಬಾಗಲಾ ತಗ್ಯಾಂಗಿಲ್ಲ."

ತಂಗಿ ಅವಳ ಹಿಂದೆಯೇ, ಅಗಳಿಯ ಮೇಲೆ ಎರಡೂ ಕೈ ಊರಿ ನಿಂತಿದ್ದಳು.