ನಿಧಾನಪ್ಪ ಕಂಪ್ಯೂಟರ್ ಕಲಿತದ್ದು

ಗಡಿಯಾರ ರಿಪೇರಿಯವನಿಗೆ ಬೀದಿಯವರು ನಿಧಾನಪ್ಪ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಸರಿಯಾದ ಸ್ಕ್ರೂಡ್ರೈವರ್ ಕೈಗೆ ಸಿಗುವ ತನಕ ಆತ ಯಾರ ಗಡಿಯಾರವನ್ನೂ ಬಿಚ್ಚುತ್ತಿರಲಿಲ್ಲ. ಅಳತೆ ತಪ್ಪಿದ್ದನ್ನು ಹಾಕಿ ತಿರುಗಿಸಿದರೆ ತಿರುಪಿನ ತಲೆ ಸವೆದು, ಆಮೇಲೆ ಬ್ರಹ್ಮ ಬಂದರೂ ಬಿಚ್ಚಲಾಗದು. ಆ ಕಸುಬಿಗೆ ಅದು ಸರಿ. ಆದರೆ ಕಸುಬಿನ ಬುದ್ಧಿಯನ್ನು ಕಂಡಕಂಡ ಕಡೆಗೆಲ್ಲ ಹೊತ್ತುಕೊಂಡು ಹೋಗಬಾರದೆಂದು ಅವನಿಗೆ ಯಾರು ಹೇಳಬೇಕು?

ಅವನ ಹೆಂಡತಿಗೆ ಮರೆವು ಹತ್ತಿತ್ತು. ಗಂಡನ ಗುರುತಿತ್ತು, ಅವನು ಎಲ್ಲಿ ಹೋದನೆಂಬುದು ಮಾತ್ರ ನೆನಪಿರುತ್ತಿರಲಿಲ್ಲ. ಅವನು ಅಂಗಡಿಗೆ ಹೊರಟ ಸ್ವಲ್ಪ ಹೊತ್ತಿಗೆಲ್ಲ ಬರಿಗಾಲಲ್ಲಿ ಬೀದಿಗಿಳಿದು ಹುಡುಕುವಳು. ಫೋನ್ ಹೊಡೆದುಕೊಂಡರೆ ಅದನ್ನೇನು ಮಾಡಬೇಕೆಂದು ತೋಚದು. ಮನೆಯ ಹಳೇ ಕಂಪ್ಯೂಟರು ಹೊತ್ತುಹೊತ್ತಿಗೆ ಅವನದೇ ದನಿಯಲ್ಲಿ, "ನಾನು ಅಂಗಡೀಲಿದೀನಿ ಕಣೆ, ಊಟಕ್ಕೆ ಬರ್ತೀನಿ" ಎನ್ನುವ ಹಾಗೆ ಮಾಡಬೇಕು ಎಂದು ಅವನಿಗೆ ಹೊಳೆಯಿತು. ತಮ್ಮನ ಮಗಳು ತಾನೇ ಮಾಡಿಕೊಡುತ್ತೇನೆಂದಳು.

"ಬೇಡಮ್ಮ, ಇದು ನನ್ನ ಕೈಯಿಂದ್ಲೇ ಆಗ್ಬೇಕು," ಎಂದ.

ಸರಿ, ಪ್ರೋಗ್ರಾಂ ಬರೆಯಲು ಮೊದಲು ಯಾವ ಭಾಷೆ ಕಲಿಯುವುದು? 'ಸಿ' ಇಲ್ಲದೆ ಬುನಾದಿಯೇ ಇಲ್ಲ ಎಂದ ಪಕ್ಕದ ಜೆರಾಕ್ಸ್ ಅಂಗಡಿಯವನು. ಪುಸ್ತಕ ಬಂತು. "ಜಾವಾ ಬಿಟ್ಟು ಅದ್ಯಾಕೆ ಭಾವ?" ಎಂದ ಭಾವಮೈದ. ಮೊದಲ ಪುಸ್ತಕ ಅಟ್ಟ ಸೇರಿತು. ಪೈಥಾನ್ ಸುಲಭ ಎಂದಳು ತಮ್ಮನ ಮಗಳು. ಸುಲಭದ್ದು ಬಾಳಿಕೆ ಬಂದೀತೇ ಎಂದು ಇವನಿಗೆ ಅನುಮಾನ. ಅಳೆದೂ ಸುರಿದೂ ವರ್ಷವೇ ಕಳೆಯಿತು. ಮೂರರಲ್ಲೂ ಮೊದಲ ಪಾಠ ದಾಟಲಿಲ್ಲ.

ಕಡೆಗೆ ಹುಡುಗಿ ರೇಗಿದಳು. "ಯಾವ್ದಾದ್ರೂ ಒಂದು ಹಿಡೀರಿ ದೊಡ್ಡಪ್ಪ! ತಪ್ಪಾದ್ರೆ ಅಳಿಸಿ ಇನ್ನೊಂದ್ಸಲ ಬರೆದ್ರಾಯ್ತು. ಇಲ್ಲಿ ಯಾವ ತಿರುಪೂ ಸವೆಯಲ್ಲ."

ಮಾತು ನಾಟಿತು. ಪೈಥಾನ್ ಹಿಡಿದು ಕೂತವನು ತಿಂಗಳೊಪ್ಪತ್ತಿನಲ್ಲಿ ಕೆಲಸ ಮುಗಿಸಿಯೇಬಿಟ್ಟ. ಇಷ್ಟಕ್ಕೆ ಒಂದು ವರ್ಷ ಕಾಯಿಸಿದೆನಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಪರದೆಯಲ್ಲಿ ಕಣ್ಣು ನೆಟ್ಟು ಕೂತಿದ್ದವನಿಗೆ, ಹೆಂಡತಿ ಈಚೆಗೆ 'ರೀ' ಎಂದು ಕರೆಯುವುದನ್ನೇ ಬಿಟ್ಟದ್ದು ಗಮನಕ್ಕೆ ಬಂದಿರಲಿಲ್ಲ.

ಮೊದಲ ದಿನ ಅಂಗಡಿಯಲ್ಲಿ ಕೂತು ಬೀದಿಯನ್ನೇ ನೋಡಿದ. ಅವಳು ಬರಲಿಲ್ಲ. ಊಟದ ಹೊತ್ತಿಗೆ ಮನೆಗೆ ಓಡಿದ. ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ನೆಮ್ಮದಿಯಾಗಿ ಕೂತಿದ್ದಳು. ಎಷ್ಟು ದಿನದ ಮೇಲೆ ಆ ಮುಖದಲ್ಲಿ ಗೆಲುವು! ಅವನ ಕಣ್ಣು ತುಂಬಿ ಬಂತು.

ಅವನನ್ನು ಕಂಡು ಅವಳು ಗಡಬಡಿಸಿ ಎದ್ದು ನಿಂತಳು.

"ನಮ್ಮನೆಯವರು ಅಂಗಡೀಲಿದಾರೆ. ಊಟಕ್ಕೆ ಬರ್ತಾರಂತೆ, ಈಗ್ತಾನೆ ಹೇಳಿದ್ರು. ತಮಗೆ ಅವರ ಹತ್ರ ಏನಾಗ್ಬೇಕಿತ್ತು?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಏನಿಲ್ಲಮ್ಮ," ಎಂದ. "ಅವರು ಬರೋ ತನಕ ಇಲ್ಲೇ ಕೂತಿರ್ತೀನಿ."